ಬೆಟ್ಟದ ನೀರು, ಪೇಟೆಯ ತಕ್ಕಡಿ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸುರಿಯುವ ಮಳೆಗೆ ಎರಡು ಕಡಲುಗಳ ದಾರಿಯುಂಟು. ಕುಪ್ಪಳ್ಳಿಯ ಸುತ್ತಿನ ಗುಡ್ಡಗಳಿಂದ ಇಳಿಯುವ ಹಳ್ಳಗಳು ತುಂಗೆಯನ್ನು ಸೇರಿ, ಶಿವಮೊಗ್ಗೆಯನ್ನು ಹಾದು, ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಕೊನೆಗೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ವಾಯವ್ಯಕ್ಕೆ ತಿರುಗಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ದಾಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆಗುಂಬೆ, ಹುಲಿಕಲ್ಲುಗಳ ಘಟ್ಟದಂಚಿನಿಂದ ಸೀತಾ, ವಾರಾಹಿ ನದಿಗಳು ಪಡುವಣಕ್ಕೆ ಇಳಿದರೆ, ಅಲ್ಲಿಯೇ ಸಮೀಪದಲ್ಲಿ ಹುಟ್ಟುವ ಮಾಲತಿಯು ಮೂಡಣಕ್ಕೆ ಹರಿದು ತುಂಗೆಗೆ ಸಲ್ಲುತ್ತದೆ.

ಈ ನೀರು ಹೋಗುವ ದಾರಿಯುದ್ದಕ್ಕೂ ವ್ಯಾಪಾರವಿದೆ. ಕಣಿವೆಯ ತೋಟದಲ್ಲಿ ಅಡಿಕೆ, ಮೆಣಸು, ಏಲಕ್ಕಿ. ಲಿಂಗನಮಕ್ಕಿಯ ಕೆಳಗೆ ವಿದ್ಯುತ್ತು. ಗಾಜನೂರಿನ ಕೆಳಗೆ ಶಿವಮೊಗ್ಗೆಯ ಕುಡಿಯುವ ನೀರು, ಭತ್ತದ ಬಯಲು, ಅಕ್ಕಿ ಗಿರಣಿಗಳು. ಆದರೂ ವರ್ತಕರ ಲೆಕ್ಕದ ಪುಸ್ತಕದಲ್ಲಿ ಬೆಟ್ಟಕ್ಕೆಂದು ಒಂದು ಖಾತೆ ಇರುವುದಿಲ್ಲ. ಖರೀದಿ, ಲಾರಿ ಬಾಡಿಗೆ, ಹಮಾಲಿ, ದಲಾಲಿ, ಸೆಸ್ಸು, ಬಡ್ಡಿ ಎಲ್ಲಕ್ಕೂ ಒಂದೊಂದು ಕಲಮು ಉಂಟು; ಸರಕು ಹುಟ್ಟಿದ ನೆಲಕ್ಕೆ ಮಾತ್ರ ಇಲ್ಲ. ಕಾಡಿನ ರಕ್ಷಣೆ ಅರಣ್ಯ ಇಲಾಖೆಯ ಕೆಲಸ, ಅದರ ವಿಷಯದಲ್ಲಿ ಪೇಟೆಗೆ ಸಂಬಂಧವಿಲ್ಲ ಎಂಬ ಭಾವನೆ ವ್ಯಾಪಾರಿ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಸೀಮೆಯ ಕಳೆದ ನೂರು ವರ್ಷಗಳ ಅನುಭವವನ್ನು ಪರಿಶೀಲಿಸಿದರೆ ತೋರುವುದೇ ಬೇರೆ. ಯಾವ ಗುಡ್ಡ ಬೋಳಾಗಬೇಕು, ಯಾವ ಮರ ಉಳಿಯಬೇಕು ಎಂಬುದನ್ನು ಅರಣ್ಯ ರಕ್ಷಕನ ಲಾಠಿಗಿಂತ ಹೆಚ್ಚಾಗಿ ಕೊಳ್ಳುವವನ ತಕ್ಕಡಿಯೇ ತೀರ್ಮಾನಿಸಿದೆ.

ತೋಟದ ಮೇಲಿನ ಬೆಟ್ಟ

ಕುಪ್ಪಳ್ಳಿಯು ತೀರ್ಥಹಳ್ಳಿಯಿಂದ ಕೊಪ್ಪದ ದಿಕ್ಕಿನಲ್ಲಿ ಸುಮಾರು 18 ಕಿ.ಮೀ. ದೂರದ ಪುಟ್ಟ ಊರು. ರಾಷ್ಟ್ರಕವಿ ಕುವೆಂಪು (1904–1994) ಅವರು ಬೆಳೆದ ಮನೆ ಇಂದು ‘ಕವಿಮನೆ’ ಎಂಬ ವಸ್ತುಸಂಗ್ರಹಾಲಯವಾಗಿದೆ. ಅದರ ಮೇಲಿನ ಬಂಡೆಗಲ್ಲಿನ ಗುಡ್ಡವೇ ಕವಿಶೈಲ, ಕವಿಯ ಸಮಾಧಿಯೂ ಅಲ್ಲಿಯೇ ಇದೆ. ಸುತ್ತಲಿನ ಅರಣ್ಯಕ್ಕೆ ಕವಿಯ ಸ್ಮರಣಾರ್ಥ ಜೈವಿಕ ಅರಣ್ಯಧಾಮವೆಂಬ ಮನ್ನಣೆ ದೊರೆತಿದೆ. ಕವಿಶೈಲಕ್ಕೆ ಬರುವ ಪ್ರವಾಸಿಗರು ಎದುರಿನ ಹಸುರನ್ನು ಕಂಡು ಮರಳುತ್ತಾರೆ. ಆದರೆ ಕವಿಮನೆಯೊಳಗೆ ಇರಿಸಿರುವ ಒಕ್ಕಲುತನದ ಸಲಕರಣೆಗಳನ್ನೂ ಮನೆಯ ಹೊರಗಿನ ಕಣಿವೆಯನ್ನೂ ಒಟ್ಟಿಗೆ ನೋಡಿದವರಿಗೆ, ಅದೊಂದು ಕೃಷಿಯ ಮನೆತನವಾಗಿತ್ತು, ಎದುರಿನ ಕಾಡು ಆ ಕೃಷಿಯ ಮೇಲ್ಮನೆಯಾಗಿತ್ತು ಎಂಬುದು ತಿಳಿಯುತ್ತದೆ.

ಮಲೆನಾಡಿನ ಕಣಿವೆಗಳಲ್ಲಿ ಭೂಮಿಯ ಬಳಕೆಗೆ ಒಂದು ಕ್ರಮವಿದೆ. ನೆತ್ತಿಯಲ್ಲಿ ಕಾಡು, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ತಗ್ಗಿನಲ್ಲಿ ಅಡಿಕೆ ತೋಟ, ಅದಕ್ಕೂ ಕೆಳಗೆ ಗದ್ದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಅಡಿಕೆಗೆ ನೀರು ಬೇಕಾಗುವುದು ಜನವರಿಯಿಂದ ಮೇ ತನಕ. ಮಳೆಗಾಲದ ನೀರನ್ನು ಬೇಸಿಗೆಗೆ ದಾಟಿಸುವ ಉಗ್ರಾಣವೇ ನೆತ್ತಿಯ ಕಾಡು. ಅಲ್ಲಿನ ತರಗೆಲೆಯ ಹಾಸು ಮಳೆಯ ಹೊಡೆತವನ್ನು ತಡೆಯುತ್ತದೆ, ಬೇರುಗಳು ಮಣ್ಣನ್ನು ಸಡಿಲಗೊಳಿಸಿ ನೀರನ್ನು ಒಳಗಿಳಿಸುತ್ತವೆ, ಜಂಬಿಟ್ಟಿಗೆ ಕಲ್ಲಿನ ಪದರದ ಮೂಲಕ ಜಿನುಗಿದ ನೀರು ಕಣಿವೆಯ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಈ ಅಬ್ಬಿ ನೀರನ್ನು ಹಿಂದೆ ಅಡಿಕೆ ಮರದ ದಂಬೆಗಳಲ್ಲಿ, ಈಗ ಪೈಪಿನಲ್ಲಿ, ವಿದ್ಯುತ್ತಿನ ಹಂಗಿಲ್ಲದೆ ತೋಟಕ್ಕೂ ಮನೆಗೂ ಇಳಿಸಿಕೊಳ್ಳುವುದು ಇಲ್ಲಿನ ರೂಢಿ.

ಮೇಲಿನ ಕಾಡು ತೆಳುವಾದ ಕಡೆಗಳಲ್ಲಿ ಒರತೆಯು ಬೇಸಿಗೆ ಬಲಿಯುವ ಮೊದಲೇ ಸೊರಗುತ್ತದೆ. ಆಗ ಬೆಳೆಗಾರನು ಕೊಳವೆಬಾವಿ ಕೊರೆಸಬೇಕು, ಪಂಪು ಕೂರಿಸಬೇಕು, ಸಾಲ ಮಾಡಬೇಕು. ಉಚಿತವಾಗಿ ಬರುತ್ತಿದ್ದ ನೀರಿಗೆ ಬಿದ್ದ ಈ ವೆಚ್ಚ ಮಂಡಿಯ ಚೀಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದರೆ ಮುಂಗಡ ಕೇಳಲು ಬರುವ ಬೆಳೆಗಾರನ ಮುಖದಲ್ಲಿ ಕಾಣುತ್ತದೆ. ಮುಂಗಡ ಕೊಟ್ಟ ಮಂಡಿಗಾಗಲಿ, ಫಸಲನ್ನು ಮರದ ಮೇಲೆಯೇ ಕೊಂಡ ಚೇಣಿದಾರನಿಗಾಗಲಿ, ಬತ್ತಿದ ಒರತೆಯು ತಿರುಗಿಬಾರದ ಸಾಲದ ರೂಪದಲ್ಲಿ ಎದುರಾಗುತ್ತದೆ.

ನೀರಿನ ಹೊರತಾಗಿ ತೋಟವು ಬೆಟ್ಟದಿಂದ ಪಡೆಯುವ ಇನ್ನೂ ಎರಡು ವಸ್ತುಗಳಿವೆ. ಒಂದು ಸೊಪ್ಪು, ಇನ್ನೊಂದು ಸೌದೆ. ಸೊಪ್ಪು, ದರಕುಗಳು ಕೊಟ್ಟಿಗೆಯ ಹಾಸಿಗೆಯಾಗಿ, ಗೊಬ್ಬರವಾಗಿ ತೋಟ ಸೇರುತ್ತವೆ. ಇದಕ್ಕಾಗಿ ತೋಟಗಾರರಿಗೆ ಬೆಟ್ಟದ ಮೇಲೆ ಸೊಪ್ಪು ಕಡಿಯುವ ಸವಲತ್ತನ್ನು ಸರ್ಕಾರ ಹಿಂದಿನಿಂದಲೂ ಮಾನ್ಯ ಮಾಡಿದೆ. ನೆರೆಯ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವನ್ನು ಬಿಟ್ಟಿರುವುದುಂಟು. ಇನ್ನು ಸೌದೆಯ ಮಾತು. ಮಲೆನಾಡಿನ ಕೆಂಪಡಿಕೆಯು ಹಸಿಗಾಯಿಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದ ಮಾಲು. ಸರಕು, ಬೆಟ್ಟೆ, ರಾಶಿ ಎಂದು ಶಿವಮೊಗ್ಗೆಯ ಮಾರುಕಟ್ಟೆಯಲ್ಲಿ ಬೇರೆ ಬೇರೆ ದರ ಪಡೆಯುವ ಈ ಮಾಲಿನ ಪ್ರತಿಯೊಂದು ಹಂಡೆಯ ಕೆಳಗೂ ಬೆಟ್ಟದ ಕಟ್ಟಿಗೆ ಉರಿದಿರುತ್ತದೆ. ಕಡಿಮೆ ಸೌದೆಯಲ್ಲಿ ಬೇಯಿಸುವ ಒಲೆಗಳು, ಬಿಸಿಲಿನ ಡ್ರೈಯರುಗಳು ಬಂದಿವೆ. ಅವುಗಳನ್ನು ತಯಾರಿಸುವ ಸಣ್ಣ ಉದ್ದಿಮೆಗೆ ಮಲೆನಾಡಿನಲ್ಲಿ ಇನ್ನೂ ವಿಪುಲ ಅವಕಾಶವಿದೆಯೆಂಬುದನ್ನು ಈ ಸಂದರ್ಭದಲ್ಲಿ ಹೇಳಬಹುದು.

ಮಳೆಯೇ ಶತ್ರುವಾಗುವುದೂ ಉಂಟು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಕೆನಡಾದಿಂದ 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ಉಪಾಯವಾಗಿತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದಿಗೂ ಮಲೆನಾಡಿನ ಅಂಗಡಿಗಳ ಮಳೆಗಾಲದ ವಹಿವಾಟನ್ನು ನಡೆಸುತ್ತಿದೆ. ಇತ್ತೀಚೆಗೆ, ವಿಶೇಷವಾಗಿ 2022ರ ಬಳಿಕ, ಎಲೆಚುಕ್ಕೆ ರೋಗವು ತೀರ್ಥಹಳ್ಳಿ, ಹೊಸನಗರ, ಸಾಗರಗಳ ತೋಟಗಳನ್ನು ಕಾಡುತ್ತಿದೆ. ಹಳದಿ ಎಲೆ ರೋಗದ ಹಳೆಯ ಬಾಧೆಯ ಮೇಲೆ ಇದು ಹೊಸ ಬಾಧೆ. ಒಂದೇ ಬೆಳೆಯನ್ನು ನೆಚ್ಚಿದ ಪೇಟೆಗೆ ಇದು ಚಿಂತೆಯ ವಿಷಯವೇ ಸರಿ.

ಮೆಣಸಿನ ಕಾನು

ಕಾಡನ್ನು ಕಾಯುವ ಪದ್ಧತಿ ಈ ಸೀಮೆಗೆ ಸರ್ಕಾರಿ ಅಧಿಸೂಚನೆಗಳೊಂದಿಗೆ ಬಂದುದಲ್ಲ. ಸೊರಬ, ಸಾಗರ, ತೀರ್ಥಹಳ್ಳಿಗಳ ‘ಕಾನು’ಗಳು ಅದಕ್ಕೂ ಹಳೆಯವು. ಸದಾ ಹಸುರಾದ ಈ ಕಾಡಿನ ತುಣುಕುಗಳಲ್ಲಿ ದೇವರ ನೆಲೆಯಿರುತ್ತಿತ್ತು, ಒರತೆಯಿರುತ್ತಿತ್ತು. ಜೊತೆಗೆ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯೂ, ಬೈನೆಯ ಮರವೂ ಇರುತ್ತಿದ್ದವು. ಅಂದರೆ ಕಾನು ಭಕ್ತಿಯ ಸ್ಥಳವಾಗಿದ್ದಂತೆಯೇ ಆದಾಯದ ಸ್ಥಳವೂ ಆಗಿತ್ತು. ಕೆಳದಿ ಅರಸರ ಕಾಲದಲ್ಲಿ ಮೆಣಸು ಘಟ್ಟವಿಳಿದು ಹೊನ್ನಾವರ, ಭಟ್ಕಳ, ಬಸರೂರುಗಳಂತಹ ರೇವುಗಳಿಗೆ ಸಾಗಿ, ಪೋರ್ಚುಗೀಸರ ಹಾಗೂ ಇತರ ಪರದೇಶಿ ವರ್ತಕರ ಹಡಗುಗಳನ್ನೇರುತ್ತಿತ್ತು. ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, ರಾಜಧಾನಿಯಾಗಿ ಬೆಳೆದದ್ದರ ಹಿಂದೆ ಈ ಘಟ್ಟದ ವ್ಯಾಪಾರವಿತ್ತು. 1763ರಲ್ಲಿ ಹೈದರಾಲಿಯು ಅದನ್ನು ಗೆದ್ದಾಗ ಅವನ ಕೈಸೇರಿದ ಸಂಪತ್ತಿನ ಮೂಲವನ್ನು ಹುಡುಕುತ್ತ ಹೋದರೆ ಮೆಣಸಿನ ಬಳ್ಳಿಯೊಂದು ಸಿಗದಿರದು.

1868ರಲ್ಲಿ ಅರಣ್ಯಾಧಿಕಾರಿ ಬ್ರಾಂಡಿಸ್ ಅವರು ಗ್ರಾಂಟ್ ಎಂಬ ಮತ್ತೊಬ್ಬ ಅಧಿಕಾರಿಯೊಡನೆ ಸೊರಬದ ಕಾನುಗಳ ಕುರಿತು ಜಂಟಿ ವರದಿಯನ್ನು ಸಲ್ಲಿಸಿದರು. ಮುಂದಿನ ದಶಕಗಳಲ್ಲಿ ಕಾನುಗಳ ಹಕ್ಕುದಾರಿಕೆ ಗೊಂದಲಕ್ಕೆ ಸಿಕ್ಕಿತು. ಯಾವುದು ಕಂದಾಯದ್ದು, ಯಾವುದು ಅರಣ್ಯದ್ದು ಎಂಬ ವ್ಯಾಜ್ಯ ಇಂದಿಗೂ ತೀರಿಲ್ಲ. ತನ್ನದೆಂದು ಕಾಯುತ್ತಿದ್ದ ಒಕ್ಕಲಿಗೆ ಅದು ತನ್ನದಲ್ಲವಾದಾಗ ಮೆಣಸಿನ ಬಳ್ಳಿಯ ಆರೈಕೆ ನಿಂತಿತು. ಬಳ್ಳಿ ಹೋದ ಮೇಲೆ ಮರವನ್ನು ಉಳಿಸಿಕೊಳ್ಳಲು ಯಾರಿಗೂ ಲಾಭದ ಕಾರಣವಿರಲಿಲ್ಲ.

ಉಪ್ಪಾಗೆ ಕಲಿಸಿದ ಪಾಠ

ಪೇಟೆಯ ತಕ್ಕಡಿಯ ಬಲ ಎಷ್ಟೆಂಬುದು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಉಪ್ಪಾಗೆಯ ವ್ಯವಹಾರದಲ್ಲಿ. ಗಾರ್ಸಿನಿಯಾ ಜಾತಿಗೆ ಸೇರಿದ ಈ ಮರವು ಸಾಗರ, ಹೊಸನಗರ, ಶಿರಸಿ, ಸಿದ್ಧಾಪುರಗಳ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಸಹಜವಾಗಿ ಬೆಳೆಯುತ್ತದೆ; ಮುರುಗಲಿನ ಹತ್ತಿರದ ನೆಂಟ. ಅದರ ಸಿಪ್ಪೆಯ ಹುಳಿಯನ್ನು ಕೇರಳದವರು ಮೀನಿನ ಸಾರಿಗೆ ಬಳಸುತ್ತಾರೆ. ಮಲೆನಾಡಿನ ಮನೆಗಳಲ್ಲಿ ಅದರ ಬೀಜದಿಂದ ಉಪ್ಪಾಗೆ ತುಪ್ಪವನ್ನು ತೆಗೆಯುತ್ತಿದ್ದರು. ವ್ಯಾಪಾರದ ದೃಷ್ಟಿಯಿಂದ ಅದು ಬಹುಕಾಲ ಚಿಲ್ಲರೆ ಸರಕಾಗಿತ್ತು.

1990ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವು ದೇಹದ ಕೊಬ್ಬನ್ನು ಇಳಿಸುತ್ತದೆಂಬ ಪ್ರಚಾರ ಅಮೆರಿಕದಲ್ಲಿ ಹಬ್ಬಿತು. ಸತ್ವ ತೆಗೆಯುವ ಕಾರ್ಖಾನೆಗಳು ಸಿಪ್ಪೆಗೆ ಮುಗಿಬಿದ್ದವು, ದರ ಏರಿತು. ಬೆಲೆ ಬಂದದ್ದು ತಪ್ಪೇನಲ್ಲ. ಮಳೆಗಾಲದ ಕಷ್ಟದ ದಿನಗಳಲ್ಲಿ ಅನೇಕ ಬಡ ಕುಟುಂಬಗಳಿಗೆ ಅದು ಕೈಗೆ ನಗದು ಹಣ ತಂದಿತು. ತೊಂದರೆಯಾದದ್ದು ಕೊಳ್ಳುವ ವಿಧಾನದಿಂದ. ಕಿರು ಅರಣ್ಯ ಉತ್ಪನ್ನ ಸಂಗ್ರಹದ ಹಕ್ಕು ಅಲ್ಪಾವಧಿಯ ಟೆಂಡರಿನಲ್ಲಿ ಗುತ್ತಿಗೆದಾರರಿಗೆ ಹೋಗುತ್ತಿತ್ತು. ಮುಂದಿನ ಸರದಿ ತನಗೇ ಸಿಗುವುದೆಂಬ ಭರವಸೆಯಿಲ್ಲದವನು ಮರದ ಮುಂದಿನ ಫಸಲನ್ನು ಯೋಚಿಸುವುದಿಲ್ಲ. ಕಾಯಿ ಹಣ್ಣಾಗಲೆಂದು ಕಾದರೆ ಪಕ್ಕದವನು ಕೊಯ್ದುಬಿಡುತ್ತಾನೆಂದು ಸಂಗ್ರಾಹಕನೂ ಎಳೆಗಾಯಿಗೇ ಕೈಹಾಕಿದ. ಏರಲು ಕಷ್ಟವಾದ ಮರಗಳ ಕೊಂಬೆಗಳನ್ನೇ ಕಡಿದುರುಳಿಸಿದ್ದುಂಟು.

ಇದಕ್ಕಿಂತ ದೊಡ್ಡ ಹಾನಿ ಒಣಗಿಸುವುದರಿಂದ ಆಯಿತು. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಮಲೆನಾಡಿನಲ್ಲಿ ಸೂರ್ಯನ ಮುಖವೇ ಕಾಣದ ದಿನಗಳಲ್ಲಿ. ಸಿಪ್ಪೆಯನ್ನು ಬೆಂಕಿಯ ಮೇಲಿನ ಅಟ್ಟದಲ್ಲಿ ಹರಡಿ ಹಗಲೂ ರಾತ್ರಿಯೂ ಒಣಗಿಸಬೇಕು. ಅದಕ್ಕೆ ಬೇಕಾದ ಸೌದೆ ಅದೇ ಕಾಡಿನಿಂದ ಬರಬೇಕು. ಒಂದು ಮರದ ಹಣ್ಣನ್ನು ಮಾರಲು ಅದರ ನೆರೆಯ ಮರಗಳನ್ನು ಸುಟ್ಟಂತಾಯಿತು. ಹೊಗೆ ಹಿಡಿದ, ಎಳೆಯದಾದ ಸಿಪ್ಪೆಯಲ್ಲಿ ಸತ್ವವೂ ಕಡಿಮೆ, ಬಣ್ಣವೂ ಕೆಟ್ಟದ್ದು. ಆದರೆ ತೂಕಕ್ಕೆ ಮಾತ್ರ ಬೆಲೆಯಿದ್ದ ಪೇಟೆ ಅದನ್ನು ಗಮನಿಸಲಿಲ್ಲ.

1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 135 ಮಂದಿ ಸ್ಥೂಲಕಾಯರ ಮೇಲೆ 12 ವಾರಗಳ ಕಾಲ ನಡೆಸಿದ ಪರೀಕ್ಷೆಯಲ್ಲಿ ಉಪ್ಪಾಗೆಯ ಸತ್ವ ತೆಗೆದುಕೊಂಡವರಿಗೂ ಬರಿಯ ಹುಸಿ ಗುಳಿಗೆ ತೆಗೆದುಕೊಂಡವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. 2012ರ ಸುಮಾರಿಗೆ ಅಲ್ಲಿನ ಜನಪ್ರಿಯ ದೂರದರ್ಶನ ಕಾರ್ಯಕ್ರಮವೊಂದು ಅದೇ ಗುಳಿಗೆಯನ್ನು ಮತ್ತೆ ಕೊಂಡಾಡಿದಾಗ ಬೇಡಿಕೆ ಮರುಕಳಿಸಿತು. 2014ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅಂತಹ ಪ್ರಚಾರದ ವಿಚಾರಣೆಯೂ ನಡೆಯಿತು. ಹತ್ತು ಸಾವಿರ ಮೈಲಿ ದೂರದ ಒಂದು ವದಂತಿ ಮಲೆನಾಡಿನ ಕೊಂಬೆಯನ್ನು ಕಡಿಸಬಲ್ಲದು, ಒಂದು ವರದಿ ಸಂಗ್ರಾಹಕನ ಒಲೆಯನ್ನು ಆರಿಸಬಲ್ಲದು. ನಡುವೆ ನಿಂತ ಸ್ಥಳೀಯ ವರ್ತಕನ ಗೋದಾಮಿನಲ್ಲಿ ಉಳಿದ ದಾಸ್ತಾನು ಈ ಎರಡಕ್ಕೂ ಸಾಕ್ಷಿ.

ಸುಧಾರಣೆಯ ದಾರಿಗಳು ತಿಳಿಯದವೇನಲ್ಲ. ಮಾಗಿದ ಹಣ್ಣನ್ನು ಮಾತ್ರ ಕೊಳ್ಳುವುದು, ಸುಧಾರಿತ ಒಲೆಯಲ್ಲಿ ಒಣಗಿಸಿದ ಸಿಪ್ಪೆಗೆ ಪ್ರತ್ಯೇಕ ದರ ಕೊಡುವುದು, ಸತ್ವದ ಪ್ರಮಾಣವನ್ನು ಪರೀಕ್ಷಿಸಿ ಬೆಲೆ ಕಟ್ಟುವುದು: ಈ ಮೂರೂ ಕೊಳ್ಳುವವರ ಕೈಯಲ್ಲಿಯೇ ಇವೆ. ಬೀಜವನ್ನು ಕಾಡಿನಲ್ಲಿಯೇ ಉಳಿಸಿ ಬಂದರೆ ಸಸಿ ಹುಟ್ಟುತ್ತದೆ. ಚೀಲಕ್ಕೆ ತುಂಬಿ ತಂದರೆ ಹುಟ್ಟುವುದಿಲ್ಲ. ಉಪ್ಪಾಗೆಯ ಹಣ್ಣನ್ನು ಸಿಂಗಳೀಕವೂ ತಿನ್ನುತ್ತದೆ. ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ಕಾಡಿನಲ್ಲಿ ಮನುಷ್ಯನಿಗೂ ಈ ಅಪರೂಪದ ಕೋತಿಗೂ ಒಂದೇ ಮರದ ಮೇಲೆ ಕಣ್ಣು. 2019ರಲ್ಲಿ ಶರಾವತಿ ಕಣಿವೆಯ ಹಳೆಯ ಅಭಯಾರಣ್ಯವನ್ನು ಅಘನಾಶಿನಿ ಕಣಿವೆಯ ಸಂರಕ್ಷಿತ ಪ್ರದೇಶದೊಡನೆ ಕೂಡಿಸಿ 930 ಚದರ ಕಿ.ಮೀ. ವಿಸ್ತಾರದ ಸಿಂಗಳೀಕ ಅಭಯಾರಣ್ಯವನ್ನಾಗಿ ಮಾಡಿದುದರ ಹಿನ್ನೆಲೆಯಲ್ಲಿ ಇದೂ ಇದೆ.

ಕಾನೂನಿನ ಅಂಶವೊಂದನ್ನು ವರ್ತಕರು ತಿಳಿದಿರಬೇಕು. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಜೈವಿಕ ಸಂಪನ್ಮೂಲಗಳನ್ನು ವಾಣಿಜ್ಯ ಬಳಕೆಗೆ ಪಡೆಯುವ ಉದ್ದಿಮೆದಾರರು ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಲಾಭದ ಒಂದು ಪಾಲನ್ನು ಹಂಚಿಕೊಳ್ಳುವ ಹೊಣೆಯೂ ಬರಬಹುದು. 2006ರ ಅರಣ್ಯ ಹಕ್ಕು ಕಾಯಿದೆಯು ಹಕ್ಕುದಾರರಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ ಒಡೆತನವನ್ನು ನೀಡಿದೆ. ಗುತ್ತಿಗೆದಾರನಿಂದ ಕೊಂಡೆವು, ನಮಗೆ ಸಂಬಂಧವಿಲ್ಲ ಎನ್ನುವ ಕಾಲ ಕಳೆದಿದೆ.

ಹೊಳೆಯಂಚಿನ ಅಪ್ಪೆಮಿಡಿ

ಅಪ್ಪೆಮಿಡಿಯ ಕತೆ ಸ್ವಲ್ಪ ಸಮಾಧಾನಕರವಾದುದು. ಹೊಳೆಯ ದಂಡೆಗಳಲ್ಲಿ ಬೆಳೆಯುವ ಈ ಕಾಡುಮಾವಿನ ಮಿಡಿಗೆ ಸಾಗರ, ರಿಪ್ಪನ್‌ಪೇಟೆಗಳ ಪೇಟೆಯಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿರುಸಿನ ವ್ಯಾಪಾರ. ಉಪ್ಪಿನಲ್ಲಿ ವರ್ಷಗಟ್ಟಲೆ ಗರಿಗರಿಯಾಗಿ ಉಳಿಯುವ ಮಿಡಿ, ಸೊನೆಯ ಪರಿಮಳ, ಅನಂತಭಟ್ಟನ ಅಪ್ಪೆಯಂತಹ ಹೆಸರಾಂತ ಮರಗಳು: ಉಪ್ಪಿನಕಾಯಿ ತಯಾರಕರಿಗೆ ಇವೆಲ್ಲ ಗೊತ್ತಿದ್ದದ್ದೇ. ಇಲ್ಲಿಯೂ ಕೊಂಬೆ ಕಡಿದು ಮಿಡಿ ಉದುರಿಸುವ ಕೆಟ್ಟ ಚಾಳಿ ಇತ್ತು, ಹಲವು ಒಳ್ಳೆಯ ಮರಗಳು ಅದರಿಂದಲೇ ಹೋದವು. ಹೊಳೆಯಂಚಿನ ಎಷ್ಟೋ ಮರಗಳು ಹಿನ್ನೀರಿನಲ್ಲಿ ಮುಳುಗಿದವು. ಆದರೆ ಉತ್ತಮ ತಳಿಯ ಮರಗಳಿಂದ ಕುಡಿ ತಂದು ಕಸಿ ಕಟ್ಟುವ ನರ್ಸರಿಗಳು ಸಾಗರ, ಶಿರಸಿ ಭಾಗದಲ್ಲಿ ಹುಟ್ಟಿಕೊಂಡವು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ತಳಿಯ ಹೆಸರಿಗೆ ಬೆಲೆ ಬಂದ ಕಾರಣ ಮರಕ್ಕೂ ಬೆಲೆ ಬಂತು. ಉಪ್ಪಾಗೆಗೆ ಸಿಗದ ಭಾಗ್ಯ ಇದು. ಉಪ್ಪಾಗೆಯನ್ನು ಕೊಂಡವನಿಗೆ ಅದು ಬರಿಯ ಆಮ್ಲ, ಅಪ್ಪೆಯನ್ನು ಕೊಂಡವನಿಗೆ ಅದು ಇಂಥ ಹೊಳೆಯ ಇಂಥ ಮರದ ಮಿಡಿ.

ಅಣೆಕಟ್ಟು ಮತ್ತು ಕಾರ್ಖಾನೆ

ರಾಜ್ಯದ ಕೈಗಾರಿಕೆಗಳು ಈ ಕಣಿವೆಗಳಿಂದ ಪಡೆದುದನ್ನು ಎಣಿಸಿದರೆ ಪಟ್ಟಿ ದೊಡ್ಡದಾಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಗೆ ಬಿದಿರು ಹೋಯಿತು, ಆಮೇಲೆ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ಬೆಟ್ಟವನ್ನೇರಿದವು. ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2020ರಲ್ಲಿ ನೆಡುತೋಪಿನ ಗುತ್ತಿಗೆಯ ಅವಧಿ ಮುಗಿದಾಗ ಸುಮಾರು 20 ಸಾವಿರ ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ನವೀಕರಿಸಬೇಕೆ ಎಂಬ ಪ್ರಶ್ನೆ ಮಲೆನಾಡಿನಲ್ಲಿ ದೊಡ್ಡ ಚಳವಳಿಗೆ ಕಾರಣವಾಯಿತು. ಕಾಗದ ತಯಾರಿಸದ ಕಾರ್ಖಾನೆಗೆ ಕಾಗದದ ಮರ ಏಕೆಂಬ ಪ್ರಶ್ನೆ ವ್ಯಾಪಾರಿಯ ತರ್ಕಕ್ಕೂ ಒಪ್ಪುವಂಥದ್ದು.

ವಿದ್ಯುತ್ತಿನ ಲೆಕ್ಕ ಇನ್ನೂ ದೊಡ್ಡದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಅದನ್ನು ನೆಚ್ಚಿದ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಘಟಕಗಳು, ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಅದೇ ನೀರನ್ನು ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ಬಳಸಿ 240 ಮೆಗಾವ್ಯಾಟ್ ಪಡೆಯಲಾಗುತ್ತದೆ. ಪಕ್ಕದ ವಾರಾಹಿಯ ಭೂಗತ ವಿದ್ಯುದಾಗಾರದ್ದು 460 ಮೆಗಾವ್ಯಾಟ್. ಬೆಂಗಳೂರಿನ ಕಾರ್ಖಾನೆಗಳು ಬೆಳೆದ ದಶಕಗಳಲ್ಲಿ ಅವುಗಳ ಯಂತ್ರಗಳನ್ನು ತಿರುಗಿಸಿದ್ದು ಬಹುಮಟ್ಟಿಗೆ ಈ ಕಣಿವೆಯ ಮಳೆ. ಆ ನೀರಿಗಾಗಿ ಮನೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಎದ್ದುಬಂದ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಅರಣ್ಯ ಪ್ರದೇಶಗಳಲ್ಲಿ ನೆಲೆಗೊಳಿಸಲಾಯಿತು. ಅರವತ್ತು ವರ್ಷಗಳು ಕಳೆದರೂ ಅವರಲ್ಲಿ ಅನೇಕರ ಭೂಮಿಯ ಹಕ್ಕುಪತ್ರದ ಸಮಸ್ಯೆ ಬಗೆಹರಿದಿಲ್ಲ. ಹಕ್ಕುಪತ್ರವಿಲ್ಲದ ಭೂಮಿಗೆ ಬ್ಯಾಂಕಿನ ಸಾಲವಿಲ್ಲ. ಕತ್ತಲೆಯಲ್ಲಿ ಉಳಿದವರಿಂದ ಬೆಳಕು ಪಡೆದ ಉದ್ದಿಮೆಯ ಸಂಘಗಳು ಈ ವಿಷಯದಲ್ಲಿ ಒಂದು ಮನವಿಯನ್ನಾದರೂ ಸಲ್ಲಿಸಬಹುದಿತ್ತು.

ನಕ್ಷೆಯ ಗೆರೆಗಳು

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕುರಿತು ವ್ಯಾಪಾರಿಗಳಲ್ಲಿ ಹೆಚ್ಚಿನ ಆತಂಕವಿದೆ. ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂದವು. ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿಯೂ ಆರನೆಯದು 2024ರ ಜುಲೈ 31ರಂದೂ ಹೊರಬಿದ್ದವು. ಕರ್ನಾಟಕದ ಪಾಲಿಗೆ 20,668 ಚದರ ಕಿ.ಮೀ. ಗುರುತಾಗಿದ್ದು, ತೀರ್ಥಹಳ್ಳಿ, ಹೊಸನಗರ, ಸಾಗರಗಳ ಹೆಚ್ಚಿನ ಭಾಗ ಅದರಲ್ಲಿ ಸೇರಿದೆ. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟವು ವರದಿಯನ್ನು ತಿರಸ್ಕರಿಸುವ ನಿರ್ಧಾರ ಕೈಗೊಂಡಿತು.

ಕರಡನ್ನು ಓದದೆ ವಿರೋಧಿಸಿದವರೂ ಓದದೆ ಬೆಂಬಲಿಸಿದವರೂ ಸಾಕಷ್ಟಿದ್ದಾರೆ. ಅದರಲ್ಲಿ ಪೂರ್ಣ ನಿಷೇಧಕ್ಕೊಳಗಾಗುವುದು ಗಣಿಗಾರಿಕೆ, ಕಲ್ಲುಗಣಿ, ಮರಳು ತೆಗೆಯುವಿಕೆ, ಹೊಸ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕೈಗಾರಿಕೆ ಹಾಗೂ ಇರುವ ಅಂತಹ ಕೈಗಾರಿಕೆಯ ವಿಸ್ತರಣೆ, 20 ಸಾವಿರ ಚದರ ಮೀಟರ್ ಮತ್ತು ಅದಕ್ಕೂ ಮೀರಿದ ಕಟ್ಟಡ ಹಾಗೂ ದೊಡ್ಡ ಬಡಾವಣೆಗಳು. ಕೃಷಿ, ತೋಟಗಾರಿಕೆ, ಭೂಮಿಯ ಒಡೆತನ, ಪರಭಾರೆಗಳಿಗೆ ನಿಷೇಧವಿಲ್ಲ. ಅಡಿಕೆ ಸುಲಿಯುವ, ಉಪ್ಪಿನಕಾಯಿ ಹಾಕುವ, ಜೇನು ಸಂಸ್ಕರಿಸುವ ಘಟಕಗಳು ಮುಚ್ಚುತ್ತವೆಂಬ ಮಾತಿಗೆ ಆಧಾರವಿಲ್ಲ. ಕಟ್ಟಡ ಸಾಮಗ್ರಿಯ ವರ್ತಕರ ಅಳಲು ಮಾತ್ರ ನಿಜವಾದುದು. ಕಲ್ಲು, ಮರಳು ದೂರದಿಂದ ಬರಬೇಕಾದರೆ ಬಡವನ ಮನೆಯ ವೆಚ್ಚವೂ ಏರುತ್ತದೆ, ಕೆಂಪುಕಲ್ಲಿನ ಸಣ್ಣ ಗಣಿಗಳನ್ನು ನೆಚ್ಚಿದ ಕೂಲಿಗಳ ಕೆಲಸವೂ ಹೋಗುತ್ತದೆ. ಸ್ಥಳೀಯ ಮನೆ ಕಟ್ಟುವವರಿಗೆಂದು ಮಿತಿಯೊಳಗಿನ ವಿನಾಯಿತಿಯನ್ನು ಕೇಳುವುದು ನ್ಯಾಯ. ಅದನ್ನು ಬಿಟ್ಟು ವರದಿಯನ್ನೇ ಇಡಿಯಾಗಿ ಸುಡಬೇಕೆನ್ನುವ ಸಭೆಗಳಲ್ಲಿ ವ್ಯಾಪಾರಿ ಸಂಘಗಳು ಧ್ವನಿಗೂಡಿಸುವುದು ಒರತೆಯ ಮೇಲೆ ಅವಲಂಬಿತವಾದ ತಮ್ಮ ಸದಸ್ಯರ ಹಿತಕ್ಕೇ ವಿರುದ್ಧವಾದೀತು.

ಹಾಳೆಯಿಂದ ತಟ್ಟೆ

ಕಾಡಿಗೆ ಭಾರವಾಗದ ಉದ್ದಿಮೆಗೆ ಅಡಿಕೆ ಹಾಳೆಯ ತಟ್ಟೆಯನ್ನು ಉದಾಹರಣೆಯಾಗಿ ಕೊಡುವುದು ವಾಡಿಕೆ. ತೋಟದಲ್ಲಿ ತಾನಾಗಿ ಕಳಚಿ ಬೀಳುವ ಹಾಳೆ, ನೆನೆಸಲು ಶುದ್ಧ ನೀರು, ಬಿಸಿ ಅಚ್ಚಿನ ಯಂತ್ರ, ಕೆಲವೇ ಮಂದಿ ಕೆಲಸಗಾರರು ಇದ್ದರೆ ಸಾಕು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧವೂ ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳ ನಿಷೇಧವೂ ಜಾರಿಗೆ ಬಂದು ಈ ಉದ್ದಿಮೆಗೆ ಬಲ ಬಂತು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹಾಳೆಯಲ್ಲಿರುವ ಸಹಜ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ, ಇಂತಹ ತಟ್ಟೆಗಳನ್ನು ಆಹಾರ ಬಡಿಸಲು ಬಳಸಬಾರದೆಂದು ಎಚ್ಚರಿಸಿತು. ಒಂದೇ ದೂರದ ಮಾರುಕಟ್ಟೆಗೆ ಪೂರ್ತಿ ಒಲಿದ ತಯಾರಕರಿಗೆ ಉಪ್ಪಾಗೆಯ ಇತಿಹಾಸ ಮತ್ತೆ ನೆನಪಾಗುವ ಸಂದರ್ಭ ಇದು. ಹಾಳೆಯ ವಸ್ತುಗಳನ್ನು ಮಾನ್ಯ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವ ವೆಚ್ಚವನ್ನು ಒಬ್ಬೊಬ್ಬ ಸಣ್ಣ ತಯಾರಕ ಭರಿಸಲಾರ. ಸಂಘದ ಮೂಲಕ ಒಟ್ಟಾಗಿ ಮಾಡಿದರೆ ಸಾಧ್ಯ.

ತುಂಗೆಯ ಎರಡು ಮಡುವುಗಳು

ತೀರ್ಥಹಳ್ಳಿಯ ಸಮೀಪದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮಡುವೊಂದು ಮತ್ಸ್ಯಧಾಮವಾಗಿದೆ. ದೇವಾಲಯದ ಸನ್ನಿಧಿಯ ಮೀನುಗಳನ್ನು ಹಿಡಿಯಬಾರದೆಂಬ ಕಟ್ಟಳೆಯನ್ನು ಊರವರು ತಾವೇ ಪಾಲಿಸಿಕೊಂಡು ಬಂದಿದ್ದಾರೆ. ಪ್ರವಾಸಿಗರು ಬರುತ್ತಾರೆ, ಮೀನಿಗೆ ಮಂಡಕ್ಕಿ ಹಾಕುತ್ತಾರೆ, ಅಂಗಡಿಗಳಿಗೆ ಒಂದಿಷ್ಟು ವ್ಯಾಪಾರವಾಗುತ್ತದೆ. ಇನ್ನೂ ಕೆಳಗೆ, ಶಿವಮೊಗ್ಗೆಯ ಹೆದ್ದಾರಿಯ ಮಗ್ಗುಲಲ್ಲೇ ಮಂಡಗದ್ದೆಯ ಪಕ್ಷಿಧಾಮವಿದೆ. ನದಿಯ ನಡುವಿನ ಆ ದ್ವೀಪದ ವಿಸ್ತಾರ 1.14 ಎಕರೆ ಮಾತ್ರ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಇರುಳು ಬಕಗಳು ಅಲ್ಲಿ ಗೂಡು ಕಟ್ಟುತ್ತವೆ. ಮಡುವಿನ ಮೀನಿಗೂ ದ್ವೀಪದ ಹಕ್ಕಿಗೂ ಬೇಕಾದುದು ಒಂದೇ: ಮೇಲಿನ ಊರುಗಳ ಚರಂಡಿ, ಹೋಟೆಲು ಮತ್ತು ಹೋಂಸ್ಟೇಗಳ ಕೊಳೆ, ಮರಳಿನ ಅತಿಯಾದ ಎತ್ತುವಳಿ ಇವುಗಳಿಂದ ಕೆಡದ ನೀರು. ಕುಪ್ಪಳ್ಳಿ, ಆಗುಂಬೆ, ಕುಂದಾದ್ರಿಗಳಿಗೆ ಬರುವ ಜನ ಹೆಚ್ಚಿದಂತೆ ವಸತಿಗೃಹಗಳೂ ಹೆಚ್ಚಿವೆ; ಅವುಗಳ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಕೇಳುವ ಪದ್ಧತಿ ಇನ್ನೂ ಬಂದಿಲ್ಲ. ಪರವಾನಗಿ ನೀಡುವ ಪಂಚಾಯಿತಿಗಳು ಕೇಳಬೇಕು, ಅದಕ್ಕೂ ಮೊದಲು ಹೋಟೆಲು ಮಾಲೀಕರ ಸಂಘಗಳು ತಮ್ಮ ಸದಸ್ಯರನ್ನು ಕೇಳಬಹುದು. ಮಂಡಗದ್ದೆಯಿಂದ ಕೆಳಗೆ ಗಾಜನೂರಿನ ಅಣೆಕಟ್ಟು ಬಹಳ ದೂರವಿಲ್ಲ. ಶಿವಮೊಗ್ಗೆಯ ಮಂಡಿಗಳಲ್ಲಿಯೂ ಮನೆಗಳಲ್ಲಿಯೂ ನಲ್ಲಿ ತಿರುವಿದಾಗ ಬರುವುದು ಅಲ್ಲಿ ನಿಂತ ನೀರು.